ಮರಿಗೆ ಹಳದಿ ಅಂಚು ಯಾಕೆ ಬರಲಿಲ್ಲ?

ಪ್ರಶ್ನೆ: ನಾವು ಮಂಗಳೂರಿನವರು. ಮನೆಯಲ್ಲಿ ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಇದೆ. ಒಂದೇ ಕುಂಡ, 16 ಎಲೆ, ಹೆಚ್ಚಿನವು ಎರಡು ಅಡಿ ಉದ್ದ. ಬರುವ ಮೇ ತಿಂಗಳಲ್ಲಿ ಮಗಳ ಮದುವೆ. ತಾಂಬೂಲದ ಜೊತೆ ಒಂದೊಂದು ಪುಟ್ಟ ಗಿಡ ಕೊಡೋಣ ಅಂತ ಆಸೆ. 50 ಆದರೂ ಬೇಕು. ಫೆಬ್ರವರಿಯಲ್ಲಿ ಒಂದು ಎಲೆ ಕತ್ತರಿಸಿ ನೀರಿನ ಬಾಟಲಿಯಲ್ಲಿ ಇಟ್ಟಿದ್ದೆ. ಈಗ ಬೇರೂ ಬಂದಿದೆ, ಮರಿಯೂ ಬಂದಿದೆ. ಆದರೆ ಮರಿ ಪೂರ್ತಿ ಹಸಿರು, ಹಳದಿ ಅಂಚೇ ಇಲ್ಲ. ಜೂನ್‌ನಲ್ಲಿ ಇನ್ನೊಂದು ಎಲೆ ತುಂಡು ಮಾಡಿ, ಆಗಲೇ ಮಣ್ಣಿಗೆ ಚುಚ್ಚಿ, ದಿನಾ ನೀರು ಚಿಮುಕಿಸಿದೆ. ಎಲ್ಲವೂ ಕೊಳೆತವು. ತಪ್ಪು ಎಲ್ಲಾಯಿತು? ಮೇ ಒಳಗೆ 50 ಗಿಡ ಆಗುತ್ತದಾ? ‘ರಾತ್ರಿಯೂ ಆಮ್ಲಜನಕ ಕೊಡುವ ಗಿಡ’ ಅಂತ ಚೀಟಿ ಅಂಟಿಸಬಹುದಾ?

ಉತ್ತರ: ಈಗ ಜುಲೈ. ಮದುವೆಗೆ ಹತ್ತು ತಿಂಗಳು ಇದೆ. 50 ಗಿಡ ಆಗುತ್ತದೆ. ಆದರೆ ಐವತ್ತಕ್ಕೂ ಹಳದಿ ಅಂಚು ಇರುವುದಿಲ್ಲ. ಮೂರು ನಾಲ್ಕಕ್ಕೆ ಇರುತ್ತದೆ, ಉಳಿದವು ಹಸಿರು. ಇದಕ್ಕೆ ನಿಮ್ಮ ಮನಸ್ಸು ಒಪ್ಪಿದರೆ ಮುಂದಿನದ್ದೆಲ್ಲ ಸುಲಭ.

ಹಸಿರು ಮರಿ ಬಂದದ್ದು ನಿಮ್ಮ ತಪ್ಪಲ್ಲ. ಹಳದಿ ಅಂಚಿನ ಈ ಬಗೆಗೆ ಲಾರೆಂಟಿ ಅಂತ ಹೆಸರು. ಇದರ ಎಲೆಯನ್ನು ಅಂಚಿನ ಸೀರೆಯ ಹಾಗೆ ನೋಡಿ. ಒಡಲಿನ ನೂಲು ಬೇರೆ, ಅಂಚಿನ ನೂಲು ಬೇರೆ. ಅಂಚು ಆಮೇಲೆ ಬಳಿದ ಬಣ್ಣವಲ್ಲ, ಎರಡು ಬಗೆಯ ನೂಲನ್ನು ಮಗ್ಗದಲ್ಲೇ ಸೇರಿಸಿ ನೇಯ್ದದ್ದು. ಗಿಡಕ್ಕೆ ಮಗ್ಗ ಅಂದರೆ ಬುಡದ ನಡುವೆ ಇರುವ ಬೆಳೆಯುವ ಕುಡಿ. ಅಲ್ಲಿ ಹಸಿರು ಮಾಡಬಲ್ಲ ಕೋಶಗಳದ್ದೊಂದು ಪದರ, ಹಸಿರು ಮಾಡಲಾಗದ ಕೋಶಗಳದ್ದೊಂದು ಪದರ. ಎರಡೂ ಒಟ್ಟಿಗೆ ಬೆಳೆದರೆ ಮಾತ್ರ ಅಂಚಿನ ಎಲೆ. ಕತ್ತರಿಸಿದ ಎಲೆಯಲ್ಲಿ ಆ ಕುಡಿ ಇಲ್ಲವಲ್ಲ. ಅದು ಹೊಸ ಕುಡಿಯನ್ನೇ ಹುಟ್ಟಿಸಬೇಕು. ಕತ್ತರಿಸಿದ ಜಾಗದ ಒಳಗಿನ ಕೋಶಗಳಿಂದ ಹುಟ್ಟಿಸುತ್ತದೆ. ಅವು ಒಡಲಿನ ನೂಲು. ಮರಿ ಹಸಿರಾಗುವುದು ಹೀಗೆ. ನೆಟ್ಟ ತುಂಡಿನ ಹಳದಿ ಮಾತ್ರ ಹಾಗೇ ಇರುತ್ತದೆ, ಅದನ್ನು ನೋಡಿಯೇ ನಾವು ಆಸೆ ಇಟ್ಟುಕೊಳ್ಳುವುದು.

ಗೊಬ್ಬರ ಹಾಕಿದರೂ ಅಷ್ಟೇ, ಬಿಸಿಲಿಗೆ ಇಟ್ಟರೂ ಅಷ್ಟೇ, ಆ ಮರಿಗೆ ಅಂಚು ಬರುವುದಿಲ್ಲ. ಹಳದಿ ಅಂಚಿನ ಎಲೆ ತುಂಡುಗಳನ್ನು ಆನ್‌ಲೈನ್‌ನಲ್ಲಿ ಮಾರುವವರಿದ್ದಾರೆ. ಅಂಚಿನ ಆಸೆಗೆ ಅವನ್ನು ಕೊಳ್ಳಬೇಡಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಎಲೆಯಿಂದ ಹೇಗಿದ್ದರೂ ಹಸಿರೇ ಬರುವುದಾದರೆ, ನಿಮ್ಮ ಅಷ್ಟು ಚಂದದ ಎಲೆಗಳನ್ನು ಯಾಕೆ ಕತ್ತರಿಸಬೇಕು? ನಿಮ್ಮ ಕುಂಡವನ್ನು ಸುಮ್ನೆ ಬಿಡಿ. ಅದಕ್ಕೆ ಅಕ್ಟೋಬರ್‌ನಲ್ಲಿ ಬೇರೆ ಕೆಲಸ ಇದೆ. ತುಂಡು ಮಾಡಲು ಮಾಮೂಲಿ ಹಸಿರು ಸ್ನೇಕ್ ಪ್ಲಾಂಟ್‌ನ ಎಲೆ ಸಾಕು. ಅದು ನಿಮ್ಮ ಬೀದಿಯಲ್ಲೇ ನಾಲ್ಕು ಮನೆಯಲ್ಲಿ ಇರುತ್ತದೆ. ಕಾಂಪೌಂಡ್ ಪಕ್ಕದಲ್ಲಿ, ಯಾರೂ ನೋಡಿಕೊಳ್ಳದೆ, ದಟ್ಟವಾಗಿ ನಿಂತಿರುತ್ತದೆ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಕೆಲವರು ಬುಡ ಸಮೇತ ಕಿತ್ತುಕೊಂಡು ಹೋಗಿ ಅಂದಾರು. ಗಾಢ ಹಸಿರಿನ ಮೇಲೆ ತಿಳಿ ಹಸಿರಿನ ಅಡ್ಡ ಪಟ್ಟೆ ಇರುವುದನ್ನು ಆರಿಸಿ. ಆ ಪಟ್ಟೆ ಎಲೆ ತುಂಡಿನ ಮರಿಗೂ ತಪ್ಪದೆ ಬರುತ್ತದೆ.

ಲೆಕ್ಕ ಹೀಗೆ ಹಾಕಿ. ಎರಡು ಅಡಿ ಎಲೆಯಿಂದ ನಾಲ್ಕು ಇಂಚಿನ ಆರು ತುಂಡು. 12 ಎಲೆಯಿಂದ 72. ಒಂದಷ್ಟು ಕೊಳೆಯುತ್ತವೆ, ಇನ್ನೊಂದಷ್ಟು ಬೇರು ಬಿಟ್ಟು ಮರಿ ಕೊಡದೆ ಕೂತುಬಿಡುತ್ತವೆ. ಮಳೆಗಾಲದಲ್ಲಿ ಶುರು ಮಾಡುವವರು ಹತ್ತರಲ್ಲಿ ಮೂರು ಹೋಯಿತು ಅಂತಲೇ ಇಟ್ಟುಕೊಳ್ಳಬೇಕು. ಆಗಲೂ 50 ಉಳಿಯುತ್ತದೆ. ತೀರಾ ಎಳೆಯ ಎಲೆ ಬೇಡ. ತುದಿ ಒಣಗಿದ ಮುದಿ ಎಲೆಯೂ ಬೇಡ.

ಇನ್ನು ಕೊಳೆತದ್ದು ಯಾಕೆ ಅಂತ. ನೀವು ಕತ್ತರಿಸಿದ ಕೂಡಲೇ ಮಣ್ಣಿಗೆ ಚುಚ್ಚಿದಿರಿ, ದಿನಾ ನೀರು ಹಾಕಿದಿರಿ, ಅದೂ ಮಂಗಳೂರಿನ ಜೂನ್‌ನಲ್ಲಿ. ಈ ಎಲೆಯ ತುಂಬ ನೀರಿದೆ. ಕತ್ತರಿಸಿದ ಬಾಯಿ ತೆರೆದ ಗಾಯ. ಹಸಿ ಗಾಯವನ್ನು ಹಸಿ ಮಣ್ಣಿಗೆ ಇಟ್ಟರೆ ಬೇರಿಗಿಂತ ಮೊದಲು ಬೂಷ್ಟು ಬರುತ್ತದೆ. ಗಾಯ ಒಣಗಿ, ಮುಟ್ಟಿದರೆ ಗಟ್ಟಿಯಾದ ಪೊರೆ ಕಟ್ಟಬೇಕು. ವಿಜಯಪುರದ ಕಡೆ ಬೇಸಿಗೆಯಲ್ಲಿ ಇದಕ್ಕೆ ಎರಡು ದಿನ ಸಾಕು. ನಿಮ್ಮಲ್ಲಿ ಈಗ ಉಪ್ಪಿನ ಡಬ್ಬಿಯೇ ನೀರು ಬಿಡುವ ಕಾಲ. ಐದರಿಂದ ಏಳು ದಿನ ಬೇಕು. ಪೇಪರ್ ಹಾಸಿ, ತುಂಡುಗಳು ಒಂದಕ್ಕೊಂದು ತಾಗದ ಹಾಗೆ ಹರಡಿ, ಫ್ಯಾನ್ ಗಾಳಿ ಬೀಳುವ ಕೋಣೆಯಲ್ಲಿ ಬಿಡಿ. ವಾರ ನೀರಿಲ್ಲದೆ ಬಿದ್ದಿದೆಯಲ್ಲ ಅಂತ ಮರುಗಬೇಡಿ. ಅದರ ಹೊಟ್ಟೆಯಲ್ಲೇ ನೀರಿದೆ.

ಇಲ್ಲೊಂದು ಎಚ್ಚರಿಕೆ. ಪ್ರತಿ ತುಂಡಿಗೂ ಮೇಲು ಕೆಳಗು ಇದೆ. ಗಿಡದಲ್ಲಿ ಕೆಳಗಿದ್ದ ತುದಿಯೇ ಮಣ್ಣಿಗೆ ಹೋಗಬೇಕು. ತಲೆಕೆಳಗಾಗಿ ನೆಟ್ಟರೆ ಬೇರು ಬರುವುದಿಲ್ಲ, ಸುಮ್ಮನೆ ತಿಂಗಳುಗಟ್ಟಲೆ ನಿಂತು ಸುಕ್ಕಾಗುತ್ತದೆ. ಮೊದಮೊದಲು ನಾನು ಒಮ್ಮೆ 40 ತುಂಡುಗಳನ್ನು ಸಾಲಾಗಿ ಜೋಡಿಸಿ, ಕೆಳತುದಿ ನನ್ನ ಕಡೆಗೆ ಅಂತ ನೆನಪಿಟ್ಟುಕೊಂಡು, ಊಟಕ್ಕೆ ಎದ್ದು ಹೋಗಿದ್ದೆ. ಬಂದು ನೋಡಿದರೆ ಕಿಟಕಿ ಗಾಳಿಗೆ ಪೇಪರ್ ಮಡಚಿ ಎಲ್ಲ ಕಲಸಿಹೋಗಿತ್ತು. ಅಂದಾಜಿನ ಮೇಲೆ ನೆಟ್ಟೆ. ಎರಡು ತಿಂಗಳಾದರೂ ಅರ್ಧಕ್ಕರ್ಧ ಬೇರೇ ಇಲ್ಲ. ಆಮೇಲಿಂದ ಕೆಳತುದಿಯನ್ನು ಯಾವತ್ತೂ ನೇರ ಕತ್ತರಿಸಿಲ್ಲ, ಬಾಣದ ಮೊನೆಯ ಹಾಗೆ ಕತ್ತರಿಸುತ್ತೇನೆ. ಮೇಲ್ತುದಿ ನೇರ, ಕೆಳತುದಿ ಚೂಪು. ಗಾಳಿ ಬರಲಿ, ಬೆಕ್ಕು ಬರಲಿ, ಗೊತ್ತಾಗುತ್ತದೆ. ಚೂಪು ಮಾಡಿದರೆ ಕತ್ತರಿಸಿದ ಅಂಚೂ ಉದ್ದವಾಗುತ್ತದೆ, ಬೇರು ಹೊರಡಲು ಜಾಗ ಜಾಸ್ತಿ.

ಮಣ್ಣಿನ ವಿಷಯ. ನಿಮ್ಮ ಕಡೆಯ ಕೆಂಪು ಮಣ್ಣು ಒಂದು ಪಾಲು, ದಪ್ಪ ಮರಳು ಎರಡು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ಮರಳು ಅಂದರೆ ಕಡಲ ತೀರದ್ದು ಅಲ್ಲ, ಅದರಲ್ಲಿ ಉಪ್ಪಿದೆ. ಎಂ-ಸ್ಯಾಂಡ್ ಆದರೆ ಬಕೆಟ್‌ನಲ್ಲಿ ಹಾಕಿ ಮೂರು ನಾಲ್ಕು ಸಲ ತೊಳೆಯಿರಿ. ಅದರ ಪುಡಿ ಕುಂಡದ ತಳದಲ್ಲಿ ಕೂತು ಗಟ್ಟಿಯಾದರೆ ನೀರು ಇಳಿಯುವುದಿಲ್ಲ. ಒಂದು ಹಿಡಿ ಇದ್ದಿಲು ಚೂರು ಸೇರಿಸಿದರೆ ಒಳ್ಳೆಯದು. ಸುಟ್ಟ ಭತ್ತದ ಹೊಟ್ಟು ಸಿಕ್ಕರೆ ಇನ್ನೂ ಒಳ್ಳೆಯದು. ಸಗಣಿ ಗೊಬ್ಬರ, ಎರೆಗೊಬ್ಬರ ಈಗ ಬೇಡ. ಬೇರೇ ಇಲ್ಲದ ತುಂಡಿಗೆ ಊಟ ಹಾಕಿ ಏನು ಮಾಡುವುದು? ಕೊಳೆಸುವ ಜೀವಿಗಳಿಗೆ ಹಾಕಿದಂತೆ ಆಗುತ್ತದೆ.

ಮೊದಲೇ 72 ಕುಂಡ ತರಬೇಡಿ. ಹಣ್ಣಿನ ಅಂಗಡಿಯ ಪ್ಲಾಸ್ಟಿಕ್ ಕ್ರೇಟ್ ಎರಡು ಸಾಕು. ಒಳಗೆ ಹಳೆಯ ಗೋಣಿ ಹಾಸಿ ನಾಲ್ಕೈದು ಇಂಚು ಮಣ್ಣು ತುಂಬಿ. ಮಣ್ಣು ಆರಿದಂತೆ ಇರಲಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬಾರದು. ತುಂಡುಗಳನ್ನು ಒಂದಿಂಚು ಆಳಕ್ಕೆ, ಎರಡೆರಡು ಇಂಚು ದೂರಕ್ಕೆ ಇಡಿ. ಕಡ್ಡಿಯಿಂದ ಮೊದಲು ತೂತು ಮಾಡಿಕೊಂಡರೆ ಒಣಗಿದ ಗಾಯ ಮತ್ತೆ ಕೆರೆಯುವುದಿಲ್ಲ. ನೆಟ್ಟು ಮೂರು ದಿನ ಆದ ಮೇಲೆ ಒಂದು ಸಲ ನೀರು ಹಾಕಿ. ಆಮೇಲೆ ಕ್ಯಾಲೆಂಡರ್ ನೋಡಿ ನೀರು ಹಾಕಬೇಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ. ಈ ಮಳೆಯಲ್ಲಿ ಅದು ಹತ್ತು ದಿನಕ್ಕೊಮ್ಮೆ ಆದರೂ ಆಶ್ಚರ್ಯವಿಲ್ಲ. ಕ್ರೇಟ್ ಸೂರಿನ ಕೆಳಗೆ ಇರಲಿ, ಇರಚಲು ಬಡಿಯದ ಕಡೆ. ಬೆಳಕು ಚೆನ್ನಾಗಿರಬೇಕು. ‘ಕತ್ತಲಲ್ಲೂ ಬದುಕುವ ಗಿಡ’ ಅನ್ನುತ್ತಾರಲ್ಲ, ಬದುಕುತ್ತದೆ ನಿಜ. ಮರಿ ಹಾಕುವುದಿಲ್ಲ.

ಬೇರು ಬರಲು ಒಂದರಿಂದ ಎರಡು ತಿಂಗಳು. ಮರಿ ಮಣ್ಣಿನಿಂದ ಮೇಲೆ ಕಾಣಲು ಮೂರರಿಂದ ಆರು ತಿಂಗಳು. ಈ ನಡುವಿನ ಕಾಲವೇ ಕಷ್ಟ. ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಕಿತ್ತು ನೋಡುವ ಆಸೆ ಆಗುತ್ತದೆ. ನನಗೂ ಆಗುತ್ತದೆ, ಈಗಲೂ. ಕೀಳಬೇಡಿ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಒಳಗಿಂದ ಹಿಡಿದುಕೊಂಡಂತೆ ಇದ್ದರೆ ಬೇರು ಬಂದಿದೆ. ಬುಡ ಮೆತ್ತಗಾಗಿ ಹಳದಿಯಾಗಿದ್ದರೆ ಅದನ್ನು ಮಾತ್ರ ತೆಗೆದು ಎಸೆಯಿರಿ, ಪಕ್ಕದ್ದಕ್ಕೆ ಹಬ್ಬುತ್ತದೆ. ಇನ್ನೊಂದು ವಿಷಯ, ನೆಟ್ಟ ತುಂಡು ಎಷ್ಟು ವರ್ಷ ಇದ್ದರೂ ಒಂದಿಂಚು ಬೆಳೆಯುವುದಿಲ್ಲ. ಬೆಳೆಯುವುದು ಪಕ್ಕದ ಮರಿ. ಹಾಗಂತ ಮರಿ ಬಂದ ಕೂಡಲೇ ತುಂಡನ್ನು ಕತ್ತರಿಸಿ ತೆಗೆಯಬೇಡಿ. ಮರಿ ತನ್ನ ಕಾಲ ಮೇಲೆ ನಿಲ್ಲುವ ತನಕ ಅದರ ಬುತ್ತಿ ಅದೇ.

ನೀರಿನ ಬಾಟಲಿಯ ವಿಧಾನ ಕೆಟ್ಟದ್ದಲ್ಲ. ನಿಮಗೇ ಫಲ ಕೊಟ್ಟಿದೆಯಲ್ಲ. ಬೇರು ಕಣ್ಣಿಗೆ ಕಾಣುವ ಖುಷಿ ಅದರಲ್ಲೇ. ಆದರೆ 72 ತುಂಡಿಗೆ ಬಾಟಲಿ ಇಡಲು ಆಗುವುದಿಲ್ಲ. ನೀರಿನಲ್ಲಿ ಬೆಳೆದ ಬೇರು ಮಣ್ಣಿಗೆ ಹೋದ ಮೇಲೆ ಹೊಂದಿಕೊಳ್ಳಲು ಮತ್ತೆ ಕೆಲವು ವಾರ ತೆಗೆದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿ ನನಗೆ ಭಯ ಸೊಳ್ಳೆಯದ್ದು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಬಾಟಲಿ ಇಡುವುದಾದರೆ ಮೂರು ನಾಲ್ಕು ದಿನಕ್ಕೊಮ್ಮೆ ನೀರು ಚೆಲ್ಲಿ, ಒಳಗೆ ಉಜ್ಜಿ ತೊಳೆದು, ಹೊಸ ನೀರು ಹಾಕಿ. ನೀರು ಒಂದೂವರೆ ಇಂಚಿಗಿಂತ ಜಾಸ್ತಿ ಬೇಡ.

ಈಗ ನಿಮ್ಮ ಹಳದಿ ಅಂಚಿನ ಕುಂಡ. ಅಂಚು ಉಳಿಯಬೇಕಾದರೆ ದಾರಿ ಒಂದೇ, ಗೆಡ್ಡೆ ಬಿಡಿಸುವುದು. ಬಾಳೆಯ ಬುಡದಲ್ಲಿ ಕಂದು ಬರುವ ಹಾಗೆ ಇದಕ್ಕೂ ಮಣ್ಣಿನಡಿ ಅರಿಶಿನದ ಕೊಂಬಿನಂಥ ಗೆಡ್ಡೆ ಹರಿದು, ತುದಿಯಲ್ಲಿ ಮರಿ ಏಳುತ್ತದೆ. ಆ ಮರಿಯ ಕುಡಿಯಲ್ಲಿ ಎರಡೂ ನೂಲು ಇರುತ್ತವೆ, ಹಾಗಾಗಿ ಅಂಚು ಬರುತ್ತದೆ. ಮಳೆ ನಿಂತು ಬಿಸಿಲು ಬೀಳಲಿ. ಅಕ್ಟೋಬರ್ ಮಧ್ಯದ ಹೊತ್ತಿಗೆ ಕುಂಡಕ್ಕೆ ಒಂದು ವಾರ ನೀರು ನಿಲ್ಲಿಸಿ. ಮಣ್ಣು ಸಡಿಲವಾದ ಮೇಲೆ ಕುಂಡವನ್ನು ಮಲಗಿಸಿ, ಬುಡ ಹಿಡಿದು ಎಳೆಯಿರಿ. ಬರದಿದ್ದರೆ ಕುಂಡ ಒಡೆಯಿರಿ, ಎಲೆ ಎಳೆದು ಮುರಿಯಬೇಡಿ. ತುಂಬ ದಿನ ಬಿಟ್ಟರೆ ಈ ಗಿಡವೇ ಪ್ಲಾಸ್ಟಿಕ್ ಕುಂಡವನ್ನು ಸೀಳುತ್ತದೆ, ಅಷ್ಟು ಬಲ ಆ ಗೆಡ್ಡೆಗೆ.

ಮಣ್ಣು ಉದುರಿಸಿದರೆ ಕಿತ್ತಳೆ ಬಣ್ಣದ ದಪ್ಪ ಗೆಡ್ಡೆ ಕಾಣುತ್ತದೆ. 16 ಎಲೆ ಅಂದರೆ ನಾಲ್ಕೈದು ಗುಂಪು ಇರಬೇಕು. ಎರಡು ಗುಂಪಿನ ನಡುವೆ ಗೆಡ್ಡೆಯನ್ನು ಹರಿತವಾದ ಚಾಕುವಿನಿಂದ ಕತ್ತರಿಸಿ. ಪ್ರತಿ ಗುಂಪಿಗೂ ಸ್ವಂತ ಬೇರು ಇರಲಿ, ಎರಡು ಮೂರು ಎಲೆಯಾದರೂ ಇರಲಿ. ಕತ್ತರಿಸಿದ ಜಾಗಕ್ಕೆ ನಾನು ಅರಿಶಿನ ಹಚ್ಚುತ್ತೇನೆ. ನಮ್ಮಜ್ಜಿ ಹಚ್ಚುತ್ತಿದ್ದರು, ನಾನೂ ಹಚ್ಚುತ್ತೇನೆ. ನಿಜವಾಗಿ ಕೆಲಸ ಮಾಡುವುದು ಆಮೇಲಿನ ಎರಡು ದಿನದ ನೆರಳಿನ ಒಣಗಿಸುವಿಕೆ. ಎಲೆ ಇಲ್ಲದ ಗೆಡ್ಡೆ ತುಂಡು ಉಳಿದರೆ ಎಸೆಯಬೇಡಿ. ಮೊಗ್ಗಿನಂಥ ಉಬ್ಬು ಇದ್ದರೆ ಒಂದಿಂಚು ಆಳಕ್ಕೆ ಹೂತಿಡಿ. ಅದರಲ್ಲೂ ಚಿಗುರು ಬರಬಹುದು, ಬಂದರೆ ಅಂಚಿನ ಸಮೇತ. ಪೂರ್ತಿ ಹಳದಿ ಮರಿ ಏನಾದರೂ ಕಂಡರೆ ಅದನ್ನು ತಾಯಿಯಿಂದ ಬೇರೆ ಮಾಡಬೇಡಿ. ಹಸಿರೇ ಇಲ್ಲದ್ದು ಸ್ವಂತವಾಗಿ ಊಟ ಮಾಡಿಕೊಳ್ಳಲಾರದು.

ಒಂದು ಗುಂಪು ನಿಮಗೇ ಇಟ್ಟುಕೊಳ್ಳಿ. ಉಳಿದ ಮೂರು ನಾಲ್ಕನ್ನು ಒಳ್ಳೆಯ ಮಣ್ಣಿನ ಕುಂಡಕ್ಕೆ ಹಾಕಿ ಬೀಗರಿಗೆ ಎತ್ತಿಡಿ. ಅಂದಹಾಗೆ ಈ ಗಿಡಕ್ಕೆ ‘ಅತ್ತೆಯ ನಾಲಿಗೆ’ ಅಂತ ಇನ್ನೊಂದು ಹೆಸರಿದೆ, ಇಂಗ್ಲಿಷಿನಿಂದ ಬಂದದ್ದು. ಬೀಗಿತ್ತಿಯ ಕೈಗೆ ಕೊಡುವಾಗ ಸ್ನೇಕ್ ಪ್ಲಾಂಟ್ ಅಂತಲೇ ಹೇಳಿ, ಅಷ್ಟು ಸಾಕು. ಇದರಲ್ಲೇ ಅಂಗೈ ಎತ್ತರದ, ಹೂವಿನಂತೆ ಸುತ್ತ ಎಲೆ ಬಿಡುವ ಗಿಡ್ಡ ಬಗೆಯೊಂದಿದೆ. ಉಡುಗೊರೆಗೆ ಹೇಳಿ ಮಾಡಿಸಿದ್ದು. ಅದರ ಹಸಿರು ಬಗೆ ಎಲೆ ತುಂಡಿನಿಂದಲೂ ಗಿಡ್ಡವಾಗೇ ಬರುತ್ತದೆ. 1939ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ನರ್ಸರಿಯೊಂದರಲ್ಲಿ ತಾನಾಗಿ ಹುಟ್ಟಿದ ತಳಿ ಅದು. ಹಾನ್ ಎಂಬುವರ ಹೆಸರಿನಿಂದ ಅದಕ್ಕೆ ‘ಹಾನಿ’ ಅಂತ ಹೆಸರಾಯಿತು. ಮದುವೆ ಮನೆಯಲ್ಲಿ ಆ ಹೆಸರೂ ಬೇಡ ಬಿಡಿ.

ಚೀಟಿಯ ಪ್ರಶ್ನೆಗೆ ಬಂದರೆ, ‘ರಾತ್ರಿಯೂ ಆಮ್ಲಜನಕ’ ಅಂತ ಬರೆಯಬೇಡಿ. ಈ ಗಿಡ ಒಣ ಸೀಮೆಯ ಜಾಣತನ ಕಲಿತದ್ದು. ಹಗಲು ಎಲೆಯ ಸಣ್ಣ ರಂಧ್ರ ತೆರೆದರೆ ನೀರು ಆವಿಯಾಗುತ್ತದೆ ಅಂತ ರಾತ್ರಿ ತೆರೆಯುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಒಳಗೆ ಎಳೆದು, ಹುಳಿಯ ರೂಪದಲ್ಲಿ ಕೂಡಿಡುತ್ತದೆ. ಬೆಳಗಾದ ಮೇಲೆ ಬಿಸಿಲಿನ ಸಹಾಯದಿಂದ ಅದನ್ನು ಸಕ್ಕರೆ ಮಾಡಿಕೊಳ್ಳುತ್ತದೆ. ಆಮ್ಲಜನಕ ಹುಟ್ಟುವುದು ಬೆಳಕಿನಲ್ಲೇ. ರಾತ್ರಿ ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತದೆ ಅನ್ನುವುದು ಬಾಯಿಂದ ಬಾಯಿಗೆ ಹೋಗುತ್ತಾ, ರಾತ್ರಿ ಆಮ್ಲಜನಕ ಕೊಡುತ್ತದೆ ಅಂತ ಆಗಿಬಿಟ್ಟಿದೆ.

‘ಗಾಳಿ ಶುದ್ಧ ಮಾಡುವ ಗಿಡ, ನಾಸಾ ಹೇಳಿದೆ’ ಅನ್ನುವವರಿದ್ದಾರೆ. 1989ರಲ್ಲಿ ನಾಸಾದ ವೋಲ್ವರ್ಟನ್ ತಂಡ ಪರೀಕ್ಷೆ ಮಾಡಿದ್ದು ನಿಜ. ಸ್ನೇಕ್ ಪ್ಲಾಂಟ್ ಅದರಲ್ಲಿ ಇದ್ದದ್ದೂ ನಿಜ. ಆದರೆ ಆ ಪರೀಕ್ಷೆ ನಡೆದದ್ದು ಗಾಳಿ ಆಡದ, ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ. ಇಂಥ ಹಲವಾರು ಪರೀಕ್ಷೆಗಳನ್ನು ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು 2019ರಲ್ಲಿ ಮತ್ತೆ ಕೂತು ಲೆಕ್ಕ ಹಾಕಿದರು. ಕಟ್ಟಡದಲ್ಲಿ ಗಾಳಿ ತಾನಾಗಿ ಬದಲಾಗುವುದಕ್ಕೆ ಗಿಡಗಳು ಸಮ ಆಗಬೇಕಾದರೆ ಒಂದೊಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು ಅಂತ ಬಂತು. ಮನೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಿಟಕಿ ತೆರೆಯುವುದೇ ಸುಲಭ ಅಲ್ವಾ? ಚೀಟಿಯಲ್ಲಿ ‘ಮಣ್ಣು ಪೂರ್ತಿ ಒಣಗಿದ ಮೇಲೆ ಮಾತ್ರ ನೀರು’ ಅಂತ ಬರೆಯಿರಿ. ಕೆಳಗೆ ಇನ್ನೊಂದು ಸಾಲು, ‘ಮಕ್ಕಳು, ನಾಯಿ, ಬೆಕ್ಕು ಕಚ್ಚದಂತೆ ಇಡಿ’. ಇದರ ಎಲೆಯಲ್ಲಿ ನೊರೆ ಬರಿಸುವ ಅಂಶ ಇದೆ, ತಿಂದರೆ ವಾಂತಿ ಭೇದಿ ಆಗುತ್ತದೆ. ದೊಡ್ಡ ಅಪಾಯ ಅಲ್ಲ, ಆದರೂ ಹೇಳಬೇಕು.

ಮೂರಿಂಚು, ನಾಲ್ಕಿಂಚು ಎತ್ತರ ಬಂದ ಮರಿಗಳನ್ನು ಮಾರ್ಚ್ ಮಧ್ಯದಲ್ಲಿ ಕ್ರೇಟ್‌ನಿಂದ ಎತ್ತಿ ಸಣ್ಣ ಕುಂಡಕ್ಕೆ ಹಾಕಿ, ತಾಯಿ ತುಂಡಿನ ಸಮೇತ. ಆಗ ಒಂದು ಪಾಲು ಎರೆಗೊಬ್ಬರ ಸೇರಿಸಬಹುದು. ಮದುವೆಗೆ ಮುಂಚೆ ಆರೇಳು ವಾರ ಸಿಕ್ಕರೆ ಬೇರು ಕುಂಡದಲ್ಲಿ ಕೂರುತ್ತದೆ. ಏಪ್ರಿಲ್ ಕೊನೆಗೆ ತಂದು ತುರುಕಿದ ಗಿಡ ಕೈಯಿಂದ ಕೈಗೆ ಹೋಗುವಾಗಲೇ ಅಲ್ಲಾಡುತ್ತದೆ. ಮದುವೆಗೆ ಮೂರು ನಾಲ್ಕು ದಿನ ಮುಂಚೆ ನೀರು ನಿಲ್ಲಿಸಿ, ಇಲ್ಲದಿದ್ದರೆ ರೇಷ್ಮೆ ಸೀರೆಗಳಿಗೆ ಕೆಸರು. ಮುಂಬೈ ರೈಲಿಗೆ ಹತ್ತುವ ನೆಂಟರು ಚೀಲದಲ್ಲಿ ಇಟ್ಟುಕೊಂಡು ಹೋದರೂ ಗಿಡಕ್ಕೆ ಏನೂ ಆಗುವುದಿಲ್ಲ. ದುಬೈ, ಮಸ್ಕತ್‌ನಿಂದ ಬಂದವರಿಗೆ ಬೇರೇನಾದರೂ ಕೊಡಿ. ಗಿಡ ಮಣ್ಣು ಗಡಿ ದಾಟಬೇಕಾದರೆ ಕಾಗದ ಪತ್ರದ ರಗಳೆ ಇದೆ.

ಬಾಟಲಿಯಲ್ಲಿರುವ ಆ ಹಸಿರು ಮರಿಯನ್ನು ಈ ವಾರವೇ ಮಣ್ಣಿಗೆ ಇಳಿಸಿ. ಅದು ಕ್ರೇಟ್‌ನ ಮರಿಗಳಿಗಿಂತ ಐದಾರು ತಿಂಗಳು ದೊಡ್ಡದು. ಮೇ ಹೊತ್ತಿಗೆ ಐವತ್ತರಲ್ಲಿ ಎತ್ತರದ್ದು ಅದೇ ಆಗಿರುತ್ತದೆ.